ಡ್ರೈವಾಲ್ ತೇಪೆ: ಮೆತ್ತೋದು ಸುಲಭ, ಧೂಳೇ ದೊಡ್ಡ ಕೆಲಸ

ಅಮೆರಿಕದ ಡಲ್ಲಾಸ್ ಹತ್ತಿರದ ನಮ್ಮ ಮನೆಯಲ್ಲಿ ಮಹಡಿಯ ಬಾತ್‌ರೂಮ್ ಪೈಪು ಸೋರಿತ್ತು. ಪ್ಲಂಬರ್ ಬಂದರು, ಕೆಳಗಿನ ಊಟದ ಕೋಣೆಯ ಗೋಡೆ ಕೊಯ್ದರು, ಪೈಪು ಸರಿಮಾಡಿ ಹೊರಟರು. ಗೋಡೆ ಮುಚ್ಚುವುದು ಅವರ ಕೆಲಸವಲ್ಲ, ಇಲ್ಲಿ ಅದು ಬೇರೆಯವರ ಕಸುಬು. ಇಷ್ಟು ಚಿಕ್ಕ ಕೆಲಸಕ್ಕೆ ಡ್ರೈವಾಲ್‌ನವರು ಬರುವುದೇ ಕಷ್ಟ. ಬಂದರೂ ಅವರ ರೇಟು ಕೇಳಿದರೆ ತೂತು ಇದ್ದರೆ ಇರಲಿ ಬಿಡು ಅನ್ನಿಸುತ್ತದೆ. ಹಾಗಾಗಿ ನಾನೇ ಕೈಹಾಕಿದೆ. ಆಮೇಲೆ ಬಾಗಿಲ ಹಿಡಿ ಬಡಿದು ಆದ ತೂತು, ಟಿವಿ ಬ್ರ್ಯಾಕೆಟ್ ಕಿತ್ತ ಜಾಗ, ಗೆಳೆಯರ ಮನೆಯ ಗೋಡೆ, ಹೀಗೆ ಕೆಲಸ ಕಲಿತು ಹೋಯಿತು.

ಇಟ್ಟಿಗೆ ಗೋಡೆಯ ಮನೆಯಲ್ಲಿ ಬೆಳೆದವರಿಗೆ ಈ ಡ್ರೈವಾಲ್ ಗೋಡೆ ಮೊದಲಿಗೆ ತಮಾಷೆ ಅನ್ನಿಸುತ್ತದೆ. ಎರಡು ದಪ್ಪ ಕಾಗದದ ನಡುವೆ ಜಿಪ್ಸಮ್, ಅಷ್ಟೇ. ಬೆಂಗಳೂರಿನಲ್ಲಿ ಫಾಲ್ಸ್ ಸೀಲಿಂಗ್‌ಗೆ ಹಾಕುವ ಬೋರ್ಡೂ ಇದೇ ಜಾತಿಯದು. ಹಿಂದೆ ಮರದ ಕಂಬಗಳು ಇರುತ್ತವೆ, ಇಲ್ಲಿ ಸ್ಟಡ್ ಅನ್ನುತ್ತಾರೆ. ಸಾಮಾನ್ಯವಾಗಿ ಒಂದರ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ 16 ಇಂಚು. ಬೋರ್ಡು ಮೆತ್ತಗಿದೆ ಅಂತ ಕಡೆಗಣಿಸಬೇಡಿ. ಜಿಪ್ಸಮ್ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಅದರೊಳಗೆ ಕಟ್ಟಿಕೊಂಡಿರುವ ನೀರು. ಬೆಂಕಿ ಬಿದ್ದಾಗ ಆ ನೀರು ಆವಿಯಾಗುತ್ತಾ ಬಿಸಿಯನ್ನು ತಡೆಯುತ್ತದೆ. ಅದಕ್ಕೇ ಮೇಲೆ ರೂಮು ಇರುವ ಗ್ಯಾರೇಜಿನ ಚಾವಣಿಗೆ 5/8 ಇಂಚಿನ ದಪ್ಪ ಬೋರ್ಡು ಹಾಕುತ್ತಾರೆ, ಒಳಗೋಡೆಗಳಿಗೆ ಹೆಚ್ಚಾಗಿ 1/2 ಇಂಚು. ಅಂಗಡಿಗೆ ಹೋಗುವ ಮೊದಲು ತೂತಿನ ಅಂಚಿನಲ್ಲಿ ದಪ್ಪ ಅಳೆದುಕೊಳ್ಳಿ. ಪೂರ್ತಿ ಹಾಳೆ 4 ಅಡಿಗೆ 8 ಅಡಿ, ಕಾರಿನಲ್ಲಿ ಹಿಡಿಸುವುದಿಲ್ಲ. ಹೋಮ್ ಡಿಪೋ ಅಂಗಡಿಯಲ್ಲಿ 2 ಅಡಿ ಚೌಕದ ತುಂಡು ಸಿಗುತ್ತದೆ. ತೇಪೆಗೆ ಅದು ಸಾಕು.

ಒಂದು ಮಾತು ಮೊದಲೇ ಹೇಳಬೇಕು. ನಮ್ಮ ಮನೆ 2000ದ ಈಚೆಗೆ ಕಟ್ಟಿದ್ದು, ಹಾಗಾಗಿ ಧೈರ್ಯವಾಗಿ ಉಜ್ಜಿದೆ. 1980ಕ್ಕಿಂತ ಹಳೆಯ ಮನೆಯಾದರೆ ಹಾಗೆ ಮಾಡಬೇಡಿ. ಆಗಿನ ಜಾಯಿಂಟ್ ಕಾಂಪೌಂಡಿನಲ್ಲಿ (ಸಂದಿಗೆ ಮೆತ್ತುವ ಲೇಪ, ಮಡ್ ಅಂತಲೂ ಅನ್ನುತ್ತಾರೆ) ಆಸ್ಬೆಸ್ಟಾಸ್ ಅನ್ನುವ, ಉಸಿರಿಗೆ ಹೋದರೆ ಅಪಾಯವಾದ ನಾರು ಇರುತ್ತಿತ್ತು. ಅಂಥ ತೇಪೆ ಸಾಮಾನನ್ನು ಅಮೆರಿಕದಲ್ಲಿ ನಿಷೇಧಿಸಿದ್ದು 1977ರಲ್ಲಿ, ಮನೆ ಬಣ್ಣದಲ್ಲಿ ಸೀಸ ನಿಷೇಧಿಸಿದ್ದು 1978ರಲ್ಲಿ. ಚೂರು ಸ್ಯಾಂಪಲ್ ಲ್ಯಾಬಿಗೆ ಕೊಟ್ಟು ನೋಡಿಸಿ, ಆಮೇಲೆ ಮುಂದಿನ ಮಾತು.

ನೀರು ಸೋರಿದ ಗೋಡೆಯಾದರೆ ಅವಸರ ಬೇಡ. ತೂತಿನ ಎದುರಿಗೆ ಫ್ಯಾನ್ ಇಟ್ಟು ಒಳಗಿನ ಮರ ಪೂರ್ತಿ ಒಣಗುವವರೆಗೆ ಕಾಯಬೇಕು. ಒದ್ದೆ ಇರುವಾಗಲೇ ಮುಚ್ಚಿದರೆ ಒಳಗೆ ಬೂಷ್ಟು ಬೆಳೆಯುತ್ತದೆ. ನೆನೆದು ಉಬ್ಬಿದ ಬೋರ್ಡು ಒಣಗಿದರೂ ಮೊದಲಿನಂತಾಗುವುದಿಲ್ಲ, ಅದನ್ನು ಕೊಯ್ದು ತೆಗೆಯುವುದೇ ಸರಿ.

ಅಂಕುಡೊಂಕು ತೂತನ್ನು ಮೊದಲು ನೇರ ಗೆರೆ ಹಾಕಿ ಚೌಕ ಮಾಡಿಕೊಂಡೆ. ಗರಗಸವನ್ನು ಆಳಕ್ಕೆ ಇಳಿಸಬಾರದು, ಹಿಂದೆ ವೈರು ಇರಬಹುದು, ಪೈಪು ಇರಬಹುದು. ಹೊಸ ತುಂಡು ಕತ್ತರಿಸಲು ಗರಗಸವೇ ಬೇಡ. ಒಂದು ಬದಿಯ ಕಾಗದವನ್ನು ಬ್ಲೇಡಿನಿಂದ ಗೀರಿ, ಹಿಂದಕ್ಕೆ ಬಗ್ಗಿಸಿದರೆ ಟಪ್ ಅಂತ ಮುರಿಯುತ್ತದೆ. ಹಿಂದಿನ ಕಾಗದವನ್ನು ಆಮೇಲೆ ಕೊಯ್ದರಾಯಿತು. ತುಂಡು ತೂತಿಗಿಂತ ಕೂದಲೆಳೆಯಷ್ಟು ಚಿಕ್ಕದಿರಲಿ. ಒತ್ತಿ ತುರುಕಿದರೆ ಅಂಚು ಪುಡಿಯಾಗುತ್ತದೆ.

ತುಂಡು ನಿಲ್ಲಲು ಹಿಂದೆ ಆಸರೆ ಬೇಕಲ್ವಾ? ತೂತಿಗಿಂತ ಉದ್ದದ ಮರದ ಪಟ್ಟಿಗಳನ್ನು ಒಳಗೆ ತೂರಿಸಿ, ಕೈಯಲ್ಲಿ ಹಿಡಿದುಕೊಂಡು, ಹಳೆ ಗೋಡೆಯ ಮೂಲಕ ಸ್ಕ್ರೂ ಹಾಕಿದೆ. ಆಮೇಲೆ ಹೊಸ ತುಂಡನ್ನು ಅದೇ ಪಟ್ಟಿಗಳಿಗೆ 1 1/4 ಇಂಚಿನ ಡ್ರೈವಾಲ್ ಸ್ಕ್ರೂನಿಂದ ಬಿಗಿದೆ. ಸ್ಕ್ರೂ ತಲೆ ಕಾಗದದಿಂದ ಸ್ವಲ್ಪ ಒಳಗೆ ಕೂರಬೇಕು, ಆದರೆ ಕಾಗದ ಹರಿಯಬಾರದು. ಹಿಡಿತ ಇರುವುದೇ ಕಾಗದದಲ್ಲಿ.

ಬಾಗಿಲ ಹಿಡಿಯ ತೂತಿನಂಥ ಚಿಕ್ಕದಕ್ಕೆ ಇಷ್ಟೆಲ್ಲ ಬೇಡ. ಕ್ಯಾಲಿಫೋರ್ನಿಯಾ ಪ್ಯಾಚ್ ಅಂತ ಒಂದು ಉಪಾಯವಿದೆ. ತೂತಿಗಿಂತ ಎಲ್ಲ ಕಡೆ ಎರಡು ಇಂಚು ದೊಡ್ಡ ತುಂಡು ತಗೊಂಡು, ಹಿಂಬದಿಯಿಂದ ಗೀರಿ, ಅಂಚಿನ ಜಿಪ್ಸಮ್ ಮಾತ್ರ ಕಿತ್ತು ಮುಂದಿನ ಕಾಗದವನ್ನು ಹಾಗೇ ಉಳಿಸುವುದು. ಸುತ್ತ ಉಳಿದ ಕಾಗದವೇ ಸಂದು ಮುಚ್ಚುವ ಟೇಪು. ಮಡ್ ಮೆತ್ತಿ ಕೂರಿಸಿದರೆ ಮುಗಿಯಿತು. ಅಂಗಡಿಯಲ್ಲಿ ಸಿಗುವ ಅಂಟು ಜಾಲರಿಯ ಪ್ಯಾಚಿಗಿಂತ ನನಗೆ ಇದೇ ಇಷ್ಟ. ಜಾಲರಿ ಗೋಡೆಯ ಮೇಲೆ ಕೂರುತ್ತದೆ, ಅದನ್ನು ಮರೆಮಾಡಲು ಸುಮ್ನೆ ಜಾಸ್ತಿ ಮೆತ್ತಬೇಕಾಗುತ್ತದೆ.

ಜಾಸ್ತಿ ಮೆತ್ತಿದರೆ ಜಾಸ್ತಿ ಉಜ್ಜಬೇಕು, ಜಾಸ್ತಿ ಉಜ್ಜಿದರೆ ಮನೆಯೆಲ್ಲ ಧೂಳು. ಈ ಕೆಲಸದ ಲೆಕ್ಕಾಚಾರವೆಲ್ಲ ಇಲ್ಲಿದೆ. ಕರಣೆ ಹಿಡಿದ ಗಾರೆಯವರು ಕಡೆಗೊಮ್ಮೆ ತೇಯ್ದು ಮಟ್ಟ ಮಾಡುತ್ತಾರಲ್ಲ, ಇಲ್ಲಿ ಆ ಮಟ್ಟವನ್ನು ಒದ್ದೆ ಇರುವಾಗಲೇ ಬ್ಲೇಡಿನಲ್ಲಿ ತಂದುಬಿಡಬೇಕು.

ಮಡ್‌ನಲ್ಲಿ ಎರಡು ಬಗೆ. ಒಂದು ಬಕೆಟ್ಟಿನಲ್ಲಿ ಕಲಸಿಯೇ ಬರುವುದು. ನೀರು ಆರಿದಂತೆ ಒಣಗುತ್ತದೆ, ಒಂದು ಕೋಟ್‌ಗೆ ಪೂರ್ತಿ ದಿನ ಹಿಡಿಯಬಹುದು. ಇನ್ನೊಂದು ಪುಡಿ, ಈಜಿ ಸ್ಯಾಂಡ್ 20, 45, 90 ಅಂತ ಚೀಲ ಬರುತ್ತದೆ. ಆ ಅಂಕಿ ಅದು ಗಟ್ಟಿಯಾಗುವ ಸುಮಾರು ನಿಮಿಷ. ನೀರು ಸೇರಿದ ಮೇಲೆ ಸಿಮೆಂಟಿನ ಹಾಗೆ ರಾಸಾಯನಿಕವಾಗಿ ಗಟ್ಟಿಯಾಗುವುದರಿಂದ ಹೆಚ್ಚು ಕುಗ್ಗುವುದಿಲ್ಲ. ಸಂದು ತುಂಬಲು ಮತ್ತು ಮೊದಲ ಕೋಟ್‌ಗೆ ನಾನು ಪುಡಿಯನ್ನೇ ಬಳಸುತ್ತೇನೆ. ಹೊಸಬರು 20ರ ಚೀಲ ಮುಟ್ಟಬೇಡಿ, 90 ತಗೊಳ್ಳಿ. ಪ್ರತಿ ಸಲ ಕಲಸುವ ಮೊದಲು ಪಾತ್ರೆ ಚೆನ್ನಾಗಿ ತೊಳೆದಿರಬೇಕು. ಹಳೆಯದರ ಚೂರು ಉಳಿದಿದ್ದರೆ ಹೊಸದು ಬೇಗ ಗಟ್ಟಿಯಾಗುತ್ತದೆ. ಆದರೆ ಈ ಪುಡಿಯ ಮಡ್ ಉಜ್ಜಲು ಗಟ್ಟಿ. ಅದಕ್ಕೆ ಮೇಲಿನ ಕೋಟ್‌ಗಳಿಗೆ ಬಕೆಟ್ಟಿನ ಹಗುರ ಮಡ್.

ಸಂದಿನ ಮೇಲೆ ತೆಳ್ಳಗೆ ಮಡ್ ಎಳೆದು, ಕಾಗದದ ಟೇಪ್ ಕೂರಿಸಿ, ಮಡ್ ಎಳೆಯುವ 6 ಇಂಚಿನ ಅಗಲ ಬ್ಲೇಡು, ಅಂದರೆ ನೈಫ್‌ನಿಂದ ನಡುವಿನಿಂದ ಆಚೀಚೆ ಒತ್ತಿ ಎಳೆಯಬೇಕು. ಕೆಳಗೆ ಮಡ್ ಇಲ್ಲದ ಕಡೆ ಟೇಪು ಗುಳ್ಳೆ ಏಳುತ್ತದೆ. ಟೇಪಿನಿಂದಾಗಿ ಅಲ್ಲಿ ಸಣ್ಣ ದಿಬ್ಬ ಆಗೇ ಆಗುತ್ತದೆ. ಅದನ್ನು ಉಜ್ಜಿ ತೆಗೆಯಲು ಹೋದರೆ ಟೇಪೇ ಹರಿಯುತ್ತದೆ. ದಿಬ್ಬವನ್ನು ಅಗಲಕ್ಕೆ ಹರಡಿ ಕಣ್ಣಿಗೆ ಕಾಣದಂತೆ ಮಾಡಬೇಕು. ಎರಡನೇ, ಮೂರನೇ ಕೋಟ್‌ಗೆ 10 ಅಥವಾ 12 ಇಂಚಿನ ನೈಫ್ ಹಿಡಿದು, ಸಂದಿನಿಂದ ಎರಡೂ ಕಡೆ ಒಂದಡಿಯಷ್ಟು ಎಳೆದುಬಿಡಿ. ನೈಫಿನ ಹೊರ ಅಂಚಿಗೆ ಒತ್ತಡ ಕೊಟ್ಟರೆ ಮಡ್ ಅಲ್ಲಿ ಸೊನ್ನೆಗೆ ಇಳಿಯುತ್ತದೆ. ಕೋಟ್‌ಗಳ ನಡುವೆ ಗೆರೆ, ಗಂಟು ಇದ್ದರೆ ನೈಫ್‌ನಿಂದಲೇ ಕೆರೆದು ಬೀಳಿಸಿ, ಸ್ಯಾಂಡ್ ಪೇಪರ್ ಬೇಡ.

ಕಡೆಯ ಉಜ್ಜುವಿಕೆಗೆ ಚಿಕ್ಕ ತೇಪೆಯಾದರೆ ಒದ್ದೆ ಸ್ಪಂಜೇ ಸಾಕು. ಚೆನ್ನಾಗಿ ಹಿಂಡಿ, ಅಂಚಿನಲ್ಲಿ ಹಗುರಾಗಿ ತಿರುಗಿಸಿದರೆ ಮಡ್ ಕರಗಿ ಬೆರೆಯುತ್ತದೆ. ಧೂಳೇ ಇಲ್ಲ. ದೊಡ್ಡ ಜಾಗಕ್ಕೆ 150ರ ನಯ ತರಿಯ ಸ್ಯಾಂಡಿಂಗ್ ಸ್ಪಂಜ್, ಪಕ್ಕದಿಂದ ಟಾರ್ಚ್ ಬೆಳಕು. ಎದುರಿನ ಬೆಳಕಿನಲ್ಲಿ ನುಣ್ಣಗೆ ಕಂಡ ಗೋಡೆ ಪಕ್ಕದ ಬೆಳಕಿನಲ್ಲಿ ಬಣ್ಣ ಬಯಲು ಮಾಡುತ್ತದೆ. ಎನ್95 ಮಾಸ್ಕ್ ಹಾಕಿಕೊಳ್ಳಲೇಬೇಕು. ಈ ಧೂಳಿನಲ್ಲಿ ಸಿಲಿಕಾ ಇರಬಹುದು.

ಉಜ್ಜುವ ಮೊದಲು ಎಸಿ, ಹೀಟರ್ ಎರಡೂ ಬಂದ್. ಇಲ್ಲಿನ ಮನೆಗಳಲ್ಲಿ ಒಂದೇ ಯಂತ್ರ ಎಲ್ಲ ಕೋಣೆಗೂ ಗಾಳಿ ತಳ್ಳುತ್ತದೆ, ಊಟದ ಕೋಣೆಯ ಧೂಳು ಮಲಗುವ ಕೋಣೆಯ ಹಾಸಿಗೆಗೆ ತಲುಪುತ್ತದೆ. ಗಾಳಿ ಒಳಗೆಳೆಯುವ ಜಾಲರಿಗೆ ಪ್ಲಾಸ್ಟಿಕ್ ಅಂಟಿಸಿದೆ, ಬಾಗಿಲಿಗೆ ಪ್ಲಾಸ್ಟಿಕ್ ಪರದೆ ಕಟ್ಟಿದೆ, ಕಿಟಕಿಯಲ್ಲಿ ಹೊರಮುಖವಾಗಿ ಫ್ಯಾನ್ ಇಟ್ಟೆ. ಹೊಗೆಯ ಅಲಾರಂ ಧೂಳಿಗೂ ಕೂಗಿಕೊಳ್ಳುತ್ತದೆ, ಅದಕ್ಕೂ ಮುಸುಕು. ಕೆಲಸ ಆದಕೂಡಲೇ ತೆಗೆಯುವುದು ಮಾತ್ರ ಮರೆಯಬಾರದು. ನನ್ನ ಹೆಂಡತಿ ಇದಕ್ಕೆಲ್ಲ ಮುಂಚೆ ದೇವರ ಮನೆ ಮುಚ್ಚಿದಳು. ಹಿತ್ತಾಳೆ ದೀಪದ ಎಣ್ಣೆ ಜಿಡ್ಡಿಗೆ ಈ ಪುಡಿ ಅಂಟಿದರೆ ಹುಣಸೆಹಣ್ಣಿಗೂ ಸುಸ್ತಾಗುತ್ತದೆ ಅಂತ ಅವಳ ವಾದ.

ಕ್ಲೀನ್ ಮಾಡುವಾಗ ಮೊದಲು ಒಣ ಕೆಲಸ, ಆಮೇಲೆ ಒದ್ದೆ. ಸೀದಾ ಮಾಪ್ ಹಾಕಿದರೆ ಪುಡಿ ರಾಡಿಯಂತಾಗಿ ಟೈಲ್ಸ್ ಸಂದಿಗೆ, ಮರದ ನೆಲದ ಬಿರುಕಿಗೆ ಇಳಿಯುತ್ತದೆ. ಗುಡಿಸಿದರೆ ಮತ್ತೆ ಗಾಳಿಗೇರುತ್ತದೆ. ಮನೆಯ ಮಾಮೂಲಿ ವ್ಯಾಕ್ಯೂಮ್ ಬೇಡ. ಅದರ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಸಣ್ಣ ಪುಡಿಯನ್ನು ಹಿಂದಿನಿಂದ ಊದಿಬಿಡುತ್ತದೆ. ಕೆಲಸದ ಜಾಗದ ಕಸ ಎಳೆಯುವ ದೊಡ್ಡ ಶಾಪ್ ವ್ಯಾಕ್‌ಗೆ ಅತಿಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್, ಒಳಗೆ ಡ್ರೈವಾಲ್ ಧೂಳಿನ ಚೀಲ, ತುದಿಗೆ ಮೆತ್ತನೆ ಬ್ರಷ್. ಫ್ಯಾನ್ ರೆಕ್ಕೆ, ಬಾಗಿಲಿನ ಮೇಲಂಚಿನಿಂದ ಶುರುಮಾಡಿ ಕೆಳಗಿಳಿಯಬೇಕು. ಒಂದು ರಾತ್ರಿ ಬಿಟ್ಟರೆ ಗಾಳಿಯಲ್ಲಿದ್ದದ್ದೂ ಕೂರುತ್ತದೆ. ಮರುದಿನ ಇನ್ನೊಮ್ಮೆ ಎಳೆದು, ಆಮೇಲೆ ಹಿಂಡಿದ ಮೈಕ್ರೋಫೈಬರ್ ಬಟ್ಟೆ. ನೀರು ಬೆಳ್ಳಗಾದ ಕೂಡಲೇ ಬದಲಿಸಿ. ಎಸಿ ಶುರು ಮಾಡುವ ಮೊದಲು ಅದರ ಫಿಲ್ಟರನ್ನೂ ಬದಲಿಸಿದೆ.

ಪಾತ್ರೆ, ನೈಫ್ ತೊಳೆದ ನೀರನ್ನು ಸಿಂಕಿಗೆ ಸುರಿಯಲೇಬಾರದು. ಪುಡಿಯ ಮಡ್ ನೀರೊಳಗೂ ಗಟ್ಟಿಯಾಗುತ್ತದೆ, ಮತ್ತೆ ಪ್ಲಂಬರ್ ಕರೆಯಬೇಕಾದೀತು. ಬಕೆಟ್ಟಿನಲ್ಲಿ ತೊಳೆದು, ತಳಕ್ಕೆ ಕೂತದ್ದನ್ನು ಗಟ್ಟಿಯಾದ ಮೇಲೆ ಕಸಕ್ಕೆ ಹಾಕುತ್ತೇನೆ.

ಬಣ್ಣಕ್ಕೆ ಮೊದಲು ಪ್ರೈಮರ್ ಬೇಕೇ ಬೇಕು. ಮಡ್ ಮತ್ತು ಹಳೆ ಗೋಡೆ ಬಣ್ಣವನ್ನು ಒಂದೇ ರೀತಿ ಹೀರುವುದಿಲ್ಲ, ತೇಪೆ ಬೇರೆ ಹೊಳಪಿನಲ್ಲಿ ಎದ್ದು ಕಾಣುತ್ತದೆ. ಟೆಕ್ಸಸ್‌ನ ಎಷ್ಟೋ ಮನೆಗಳ ಹಾಗೆ ನಮ್ಮ ಗೋಡೆಯೂ ನುಣ್ಣಗಿಲ್ಲ, ಕಿತ್ತಳೆ ಸಿಪ್ಪೆಯಂಥ ಟೆಕ್ಸ್ಚರ್ ಇದೆ. ಅದಕ್ಕೆ ಸ್ಪ್ರೇ ಡಬ್ಬಿ ಸಿಗುತ್ತದೆ. ಮೊದಲು ರಟ್ಟಿನ ಮೇಲೆ ಹೊಡೆದು ಹನಿಯ ಗಾತ್ರ ಹೊಂದಿಸಿಕೊಂಡೆ. ತೇಪೆಗಷ್ಟೇ ಬಣ್ಣ ಬಳಿದರೆ, ಅದೇ ಹಳೆ ಡಬ್ಬಿಯ ಬಣ್ಣವಾದರೂ ಹೊಂದುವುದಿಲ್ಲ. ಗೋಡೆ ಅಷ್ಟರಲ್ಲಿ ಮಾಸಿರುತ್ತದೆ. ಮೂಲೆಯಿಂದ ಮೂಲೆಗೆ ಇಡೀ ಗೋಡೆ ಬಳಿದೆ. ಉಳಿದ ಬಕೆಟ್ ಮಡ್‌ನ ಅಂಚು ಒರೆಸಿ, ಮೇಲೆ ತೆಳ್ಳಗೆ ನೀರು ನಿಲ್ಲಿಸಿ ಮುಚ್ಚಿಟ್ಟಿದ್ದೇನೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಕೆಡುತ್ತದೆ ಅಂತ ಅದಕ್ಕೆ ಮನೆಯೊಳಗೇ ಜಾಗ.