ಹಟ್ಟಿ ಗೋಡೆಯ ಮುಜಂಟಿಯನ್ನ ಪೆಟ್ಟಿಗೆಗೆ ತರೋದು ಹೇಗೆ

ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಹಳೆ ಮುರಕಲ್ಲಿನ ಮನೆ ಇದ್ದರೆ ಗೋಡೆಯ ಎಲ್ಲೋ ಒಂದು ಕಡೆ ಮುಜಂಟಿ, ಅಂದ್ರೆ ಚುಚ್ಚದ ಸಣ್ಣ ಜೇನು, ಇದ್ದೇ ಇರ್ತದೆ. ಕಲ್ಲಿನ ಸಂದಿಯಿಂದ ಕಂದು ಬಣ್ಣದ ಮೇಣದ ಕೊಳವೆ ಹೊರಗೆ ಚಾಚಿರ್ತದೆ, ಅದರ ಬಾಯಲ್ಲಿ ನಾಲ್ಕೈದು ಕಾವಲುಗಾರರು ತಲೆ ಹೊರಗೆ ಹಾಕಿ ಕೂತಿರ್ತಾರೆ, ಬೆರಳು ಹತ್ತಿರ ತಂದರೆ ಒಳಗೆ ಸರಿದು ಮತ್ತೆ ಮೆಲ್ಲ ಇಣುಕ್ತಾರೆ. ಇದಕ್ಕೆ ಚುಚ್ಚೋ ಮುಳ್ಳಿಲ್ಲ, ಸಿಟ್ಟು ಬಂದರೆ ಕೂದಲಿಗೆ ಕಚ್ಚಿ ಹಿಡೀತದೆ, ಕಿವಿ ಕಣ್ಣಿಗೆ ನುಗ್ತದೆ, ಅಷ್ಟೇ.

ಈಗ ಹಳೆ ದನದ ಹಟ್ಟಿ ಕೆಡವಿ ಶೀಟ್ ಹಾಕುವವರೇ ಜಾಸ್ತಿ. ಜೆಸಿಬಿ ಬಂದ ದಿನ ಗೋಡೆಯೊಟ್ಟಿಗೆ ಗೂಡೂ ಮಣ್ಣಾಗ್ತದೆ, ನನಗೆ ಅದನ್ನ ನೋಡ್ಲಿಕ್ಕೆ ಆಗೋದಿಲ್ಲ. ಕೆಡವ್ಲಿಕ್ಕೆ ಆರು ತಿಂಗಳು ಉಂಟು ಅಂತಾದ್ರೆ ಈಗಲೇ ಶುರು ಮಾಡಿ. ಜೇನು ಬೇಕು ಅಂತ ಕಲ್ಲು ಕೀಳೋದಂತೂ ಬೇಡವೇ ಬೇಡ. ನಮ್ಮ ಅಜ್ಜಿ "ಅದರ ಮುಟ್ಟೆಡ, ಅದರಷ್ಟಕ್ಕೆ ಇರಳಿ" ಹೇಳ್ತಿದ್ದರು, ಮುಟ್ಟದೆಯೇ ತರುವ ದಾರಿ ಉಂಟು.

ಮೊದಲು ಪೆಟ್ಟಿಗೆ. ಒಂದಡಿ ಉದ್ದ, ಅರ್ಧ ಅಡಿ ಅಗಲ, ಅರ್ಧ ಅಡಿ ಎತ್ತರ ಸಾಕು, ಹಲಸೋ ಮಾವೋ ಯಾವ ಒಣ ಹಲಗೆಯಾದ್ರೂ ಆದೀತು, ಪೈಂಟ್ ಮಾತ್ರ ಬೇಡ. ಎದುರುಬದುರು ಬದಿಗೆ ಒಂದೊಂದು ತೂತು ಕೊರೀರಿ, ಒಂದು ಗೋಡೆಯಿಂದ ಒಳಗೆ ಬರ್ಲಿಕ್ಕೆ, ಇನ್ನೊಂದು ಹೊರಗೆ ಹೋಗ್ಲಿಕ್ಕೆ.

ಮಳೆ ಪೂರ್ತಿ ಬಿಟ್ಟ ಮೇಲೆ, ನವೆಂಬರ್ ಡಿಸೆಂಬರಲ್ಲಿ, ಗೋಡೆಯ ಮೇಣದ ಕೊಳವೆಯನ್ನ ಮೆಲ್ಲ ಬಿಡಿಸಿ ತೆಗೆದಿಡಿ, ಬಿಸಾಡ್ಬೇಡಿ. ಆ ತೂತಿಗೆ ಒಂದಡಿ ಉದ್ದದ ಪೈಪ್ ತುಂಡು ಇಟ್ಟು ಸುತ್ತ ಆವೆಮಣ್ಣು ಮೆತ್ತಿ, ಪೈಪಿನ ಇನ್ನೊಂದು ತುದಿ ಪೆಟ್ಟಿಗೆಯ ತೂತಿಗೆ. ಬೆಳಕು ಬರುವ ಒಂದು ಸಂದಿಯೂ ಉಳೀಬಾರದು, ಉಳಿದ್ರೆ ಅವು ಅಲ್ಲಿಂದಲೇ ಓಡಾಡ್ತವೆ, ಪೆಟ್ಟಿಗೆ ಕಡೆ ತಿರುಗಿಯೂ ನೋಡೋದಿಲ್ಲ. ತೆಗೆದಿಟ್ಟ ಹಳೆ ಕೊಳವೆಯನ್ನ ಪೆಟ್ಟಿಗೆಯ ಹೊರಬಾಯಿಗೆ ಅಂಟಿಸಿ, ತಮ್ಮದೇ ವಾಸನೆ ಹಿಡಿದು ಬರ್ತವೆ. ಮೊದಲ ಒಂದೆರಡು ದಿನ ಹಳೆ ಜಾಗದಲ್ಲೇ ಗುಂಪುಗುಂಪಾಗಿ ಸುತ್ತು ಹಾಕ್ತಿರ್ತವೆ, ಗಾಬರಿ ಬೇಡ.

ಇನ್ನು ಕಾಯೋದು. ಮೂರು ತಿಂಗಳೂ ಆಗ್ಬಹುದು ಒಂದು ವರ್ಷವೂ ಆಗ್ಬಹುದು, ಗೋಡೆಯೊಳಗೆ ಜಾಗ ಎಷ್ಟುಂಟು ಅನ್ನೋದರ ಮೇಲೆ. ತಿಂಗಳಿಗೊಮ್ಮೆ ಮುಚ್ಚಳ ಎತ್ತಿ ನೋಡಿದ್ರೆ ಸಾಕು. ಮೊದಲು ಮೂಲೆಗೆ ಮೇಣ ಅಂಟ್ತದೆ, ಮತ್ತೆ ದ್ರಾಕ್ಷಿಗಿಂತ ಸಣ್ಣ ಜೇನಿನ ಗಡಿಗೆಗಳು, ಪಕ್ಕದಲ್ಲೇ ಹಳದಿ ಪರಾಗ. ನಮಗೆ ಬೇಕಾದ್ದು ಮೊಟ್ಟೆ, ಅಂದ್ರೆ ಮೊಟ್ಟೆ ಮರಿ ಇರುವ ಮೇಣದ ಕೋಣೆಗಳು. ಸಾಸಿವೆ ರಾಶಿ ಹಾಗೆ ಗೊಂಚಲಾಗಿ ಇರ್ತದೆ, ಹೊಸತು ಕಂದು, ಮರಿ ಹೊರಬರುವ ಹೊತ್ತಿಗೆ ತಿಳಿ ಹಳದಿ. ಗೊಂಚಲಿನ ಅಂಚಲ್ಲಿ ಸಾಸಿವೆ ನಡುವೆ ಕೊತ್ತಂಬರಿ ಕಾಳು ಸಿಕ್ಕಿಕೊಂಡ ಹಾಗೆ ಒಂದು ದಪ್ಪ ಕಾಳು ಕಂಡ್ರೆ ಅದು ರಾಣಿಯ ಕೋಣೆ. ಅದು ಇದ್ದರೆ, ಅಥವಾ ಹೊಸ ಮೊಟ್ಟೆ ಏರ್ತಾ ಇದ್ದರೆ ಮಾತ್ರ ಪೈಪ್ ತೆಗೀರಿ. ಬರೀ ಜೇನು ತುಂಬಿದ್ದರೆ ಅದು ಉಗ್ರಾಣ, ಗೂಡಲ್ಲ.

ಪೈಪ್ ತೆಗೆದ ಮೇಲೂ ಪೆಟ್ಟಿಗೆ ಅಲ್ಲೇ ಇರ್ಲಿ, ಹೊರಗೆ ಹೋದವು ಅದೇ ಬಾಯಿಗೆ ವಾಪಸ್ ಬರ್ತವೆ. ಗೋಡೆಯೊಳಗಿನ ಸಂಸಾರವೂ ಉಳೀತದೆ, ಒಂದಿದ್ದದ್ದು ಎರಡಾಗ್ತದೆ. ಗೋಡೆ ಕೆಡವುವವರು ಆಗ ಇನ್ನೊಂದು ಪೆಟ್ಟಿಗೆ ಕಟ್ಟಿ ಉಳಿದದ್ದನ್ನೂ ಬರಿಸ್ಬೇಕು.

ನಾನು ಮೊದಲ ಸಲ ಒಂದು ಗೂಡು ಕಳ್ಕೊಂಡೆ. ಅವಸರದಲ್ಲಿ ಜೇನಿನ ಗಡಿಗೆ ಒಡೆದು ಮೊಟ್ಟೆ ಮೇಲೆಲ್ಲ ಚೆಲ್ಲಿತು, ಬೆಳಿಗ್ಗೆ ಎದ್ದು ನೋಡಿದ್ರೆ ಹಗ್ಗದಗಲ ಇರುವೆ ಸಾಲು ಪೆಟ್ಟಿಗೆಗೆ ಹತ್ತಿತ್ತು, ಸಂಜೆಗೆ ಒಳಗೆ ಏನೂ ಉಳಿದಿರಲಿಲ್ಲ. ಅದಕ್ಕೇ ಹೇಳೋದು, ಚೆಲ್ಲಿದ್ದನ್ನ ಆಗಲೇ ಬಟ್ಟೆಯಿಂದ ಒರೆಸಿ, ಪೆಟ್ಟಿಗೆಯನ್ನ ಮಾಡಿನ ಅಡಿಗೆ ಬಿಸಿಲು ಮಳೆ ತಾಗದ ಹಾಗೆ ತಂತಿಯಲ್ಲಿ ನೇತು ಹಾಕಿ, ತಂತಿಗೆ ಗ್ರೀಸ್ ಹಚ್ಚಿ. ಹಲ್ಲಿ, ಜೇಡ ಬಾಯಲ್ಲಿ ಕಾದು ಕೂರ್ತವೆ, ದಿನಾ ಒಮ್ಮೆ ಕಣ್ಣಾಡಿಸಿ.

ತೋಟಕ್ಕೆ ಹೊಡೆಯುವ ಮದ್ದಿನ ವಿಷಯ ಇಲ್ಲಿ ಹೇಳದಿದ್ರೆ ತಪ್ಪಾಗ್ತದೆ. ನಮ್ಮ ಕಡೆಯ ಎಣ್ಮಕಜೆಯ ಗೇರುತೋಟದ ಮೇಲೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದವರೆಗೆ, ದೇಶಕ್ಕೆಲ್ಲ ಅದನ್ನ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರಲ್ಲಿ. ಆ ವರ್ಷಗಳಲ್ಲಿ ತೋಟದಲ್ಲಿ ಜೇನಿನ ಸದ್ದೇ ಇರಲಿಲ್ಲ ಅಂತ ಅಮ್ಮ ಈಗಲೂ ಹೇಳ್ತಾರೆ. ಮುಜಂಟಿ ದೂರ ಹಾರೋದಿಲ್ಲ, ಹೆಚ್ಚೆಂದರೆ ಅರ್ಧ ಕಿಲೋಮೀಟರ್, ಹಾಗಾಗಿ ನಿಮ್ಮ ತೋಟಕ್ಕೆ ಏನು ಹೊಡೀತೀರೋ ಅದೇ ಅದರ ಊಟ. ಕೀಟನಾಶಕ ಹತ್ತಿರ ತರಬೇಡಿ, ಅಡಿಕೆಗೆ ಬೋರ್ಡೋ ದ್ರಾವಣ ಬಿಡುವ ದಿನವೂ ಪೆಟ್ಟಿಗೆ ಕಡೆ ಗಾಳಿ ಬೀಸದ ಹೊತ್ತು ನೋಡಿ. ತುಂಬೆ, ತುಳಸಿ, ನಾಚಿಕೆಮುಳ್ಳನ್ನ ಬೇಲಿ ಬದಿಯಲ್ಲಿ ಬಿಟ್ಟುಬಿಡಿ, ಎಲ್ಲ ಸವರಿ ತೆಗೀಬೇಡಿ.

ಜೇನು ತೆಗೆಯೋದು ಮಾರ್ಚ್ ಏಪ್ರಿಲಲ್ಲಿ, ಅದೂ ಗೂಡು ಒಂದು ವರ್ಷ ಹಳತಾದ ಮೇಲೆ. ಮೊಟ್ಟೆ ಕಡೆ ಚಾಕು ಹೋಗಬಾರದು, ಬದಿಯ ಗಡಿಗೆಗಳನ್ನ ಮಾತ್ರ ಬಿಡಿಸಿ ಜರಡಿಯಲ್ಲಿಡಿ, ತಾನಾಗಿ ಇಳೀತದೆ. ಕಾಲು ಭಾಗ ಒಳಗೇ ಬಿಡಿ, ಮಳೆಗಾಲಕ್ಕೆ ಅದಕ್ಕೆ ಬೇಕು. ಇದರಲ್ಲಿ ನೀರಿನಂಶ ಜಾಸ್ತಿ, ಹುಳಿ ಬರ್ತದೆ, ಭರಣಿ ತುಂಬ ತುಂಬಿಸ್ಬೇಡಿ. ಮತ್ತೆ, ಮದ್ದು ಅಂತ ಒಂದು ವರ್ಷ ಆಗದ ಮಗುವಿನ ನಾಲಗೆಗೆ ಮಾತ್ರ ಹಚ್ಚಬೇಡಿ.