ನಿಮ್ಮ ಬೀದಿಯ ಚರಂಡಿ ಕೆಲಸದ ಲೆಕ್ಕ ಕೇಳುವುದು ಹೇಗೆ?

ಹೊಸ ಚರಂಡಿ ಕಟ್ಟಿ ಹೋದರು, ಮೊದಲ ಮಳೆಗೇ ನೀರು ಬಾಗಿಲಿಗೆ ಬಂತು ಅಂದರೆ ಸುಮ್ನೆ ಬೈದುಕೊಂಡು ಕೂರಬೇಡಿ. ಲೆಕ್ಕ ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆ ಇರುವುದೇ ಅದಕ್ಕೆ. ಪಾಲಿಕೆಯ ಮಾಹಿತಿ ಅಧಿಕಾರಿಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಡಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು.

‘ಕೆಲಸ ಯಾಕೆ ಸರಿಯಿಲ್ಲ’ ಅಂತ ಕೇಳಬೇಡಿ, ಕಾಗದ ಕೇಳಿ: ಅಂದಾಜು ಪಟ್ಟಿ, ಬಿಲ್ಲು, ಅಳತೆ ಪುಸ್ತಕ. ಅಳತೆ ಪುಸ್ತಕವೇ ಎಲ್ಲಕ್ಕಿಂತ ಮುಖ್ಯ, ಯಾಕಂದರೆ ಅದರಲ್ಲಿ ಬರೆದ ಉದ್ದ, ಆಳವನ್ನು ಅಕ್ಕಪಕ್ಕದವರನ್ನು ಕರೆದುಕೊಂಡು ಟೇಪ್ ಹಿಡಿದು ನೀವೇ ನೋಡಬಹುದು, ಅಲ್ವಾ? ಅರ್ಜಿ ಕೊಟ್ಟದ್ದಕ್ಕೆ ಸಿಗುವ ಸ್ವೀಕೃತಿ ಜೋಪಾನ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಆ ಅಧಿಕಾರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ.