ಜಪಾನಿನ ಮದುವೆ ಬಟ್ಟೆ ಓದುವುದು ಹೇಗೆ?

ಊರು ಧಾರವಾಡ. ಪುಣೆಯ ಕೋಥ್ರೂಡಿನ ಮನೆಯಲ್ಲಿ ಕಸೂತಿ ಕಲಿಸುತ್ತೇನೆ. ಹೋದ ದೀಪಾವಳಿಗೆ ತಂಗಿಯ ಮಗಳು ಜಪಾನಿನಿಂದ ಒಂದು ಹಳೆಯ ಫುಕುಸಾ ತಂದುಕೊಟ್ಟಳು. ಬೀಗರಿಗೆ ಕಳಿಸುವ ಹರಿವಾಣದ ಮೇಲೆ ಬಟ್ಟೆ ಹೊದಿಸುತ್ತೇವಲ್ಲ, ಅಂಥದ್ದೇ ರೇಷ್ಮೆಯ ಚೌಕ. ಅಲ್ಲಿ ಮದುವೆಯಂಥ ಸಂದರ್ಭದಲ್ಲಿ ಉಡುಗೊರೆ ಪಡೆದವರು ಅದನ್ನು ಇಟ್ಟುಕೊಂಡು, ಮೇಲೆ ಹೊದಿಸಿದ ಫುಕುಸಾ ಮಾತ್ರ ಕೊಟ್ಟವರಿಗೇ ವಾಪಸ್ ಕಳಿಸುವುದು ಹಳೆಯ ರೂಢಿ.

ಇಂಥ ಬಟ್ಟೆ ಸಿಕ್ಕರೆ ಹಗಲು ಹೊತ್ತಿನಲ್ಲಿ ಕಿಟಕಿ ಹತ್ತಿರ ಹರಡಿ. ನೇರ ಬಿಸಿಲು ಬೇಡ. ಬಂಗಾರದ ಎಳೆಯನ್ನು ಮುಟ್ಟಬೇಡಿ. ಬಂಗಾರ ಹಚ್ಚಿದ ಕಾಗದದ ಪಟ್ಟಿಯನ್ನು ದಾರಕ್ಕೆ ಸುತ್ತಿ, ಬಟ್ಟೆಯ ಮೇಲೆ ಮಲಗಿಸಿ, ಸಣ್ಣ ದಾರದಿಂದ ಅಲ್ಲಲ್ಲಿ ಕಟ್ಟಿರುತ್ತಾರೆ. ಹಳೆಯದಾದರೆ ಬೆರಳಿಗೇ ಉದುರುತ್ತದೆ. ಹಿಂಬದಿಯನ್ನೂ ನೋಡಿ, ಮನೆತನದ ಲಾಂಛನ ಇರಬಹುದು.

ಆಮೇಲೆ ಪ್ರಾಣಿ, ಪಕ್ಷಿ ಹುಡುಕಿ. ನೆತ್ತಿ ಕೆಂಪಗಿರುವ ಕೊಕ್ಕರೆ ಬೇಗ ಸಿಗುತ್ತದೆ. ಅದಕ್ಕೆ 1,000 ವರ್ಷ ಆಯಸ್ಸು, ಆಮೆಗೆ 10,000 ಅನ್ನುತ್ತಾರೆ. ನನಗೆ ಆಮೆಯೇ ಸಿಗಲಿಲ್ಲ. ಬೆಂಕಿಯ ನಾಲಿಗೆಯಂಥ ಬಾಲವಿದ್ದ ಏನೋ ಒಂದು ಇತ್ತು. ಮೂರು ದಿನ ನೋಡಿದೆ. ಅದು ಪಾಚಿ! ಬಹಳ ಕಾಲ ಬದುಕಿದ ಆಮೆಯ ಚಿಪ್ಪಿನ ಮೇಲೆ ಬೆಳೆದು ಹಿಂದೆ ಜೋತುಬಿದ್ದ ಪಾಚಿ. ಮಿನೋ ಅಂದರೆ ಮಳೆಗೆ ಹೊದ್ದುಕೊಳ್ಳುವ ಹುಲ್ಲಿನ ಕೊಪ್ಪೆ, ಹಾಗಾಗಿ ಈ ಆಮೆ ಮಿನೊಗಾಮೆ. ನನ್ನ ಬಟ್ಟೆಯಲ್ಲಿ ಆ ಬಾಲ ಬುಡದಲ್ಲಿ ಕಡು ಹಸಿರು, ಬರುಬರುತ್ತಾ ತಿಳಿಯಾಗಿ, ತುದಿಯಲ್ಲಿ ಒಂದೇ ಒಂದು ಎಳೆ. ಹಾಕಿದ ಕೈಗೆ ಎಷ್ಟು ತಾಳ್ಮೆ ಇತ್ತು, ಅಲ್ವಾ?

ಪೈನ್, ಬಿದಿರು, ಉಮೆ ಅನ್ನುವ ಜಪಾನಿನ ಪ್ಲಮ್ ಹೂವು ಮೂರೂ ಒಟ್ಟಿಗಿದ್ದರೆ ಶೋಚಿಕುಬಾಯ್. ಪೈನ್ ಚಳಿಗಾಲದಲ್ಲೂ ಹಸಿರು, ಬಿದಿರು ಬಾಗಿದರೂ ಮುರಿಯದು, ಉಮೆ ಚಳಿ ಮುಗಿಯುವ ಮುಂಚೆಯೇ ಅರಳುತ್ತದೆ. ಉಮೆಯನ್ನು ಚೆರ್ರಿ ಅಂದುಕೊಳ್ಳುವವರೇ ಜಾಸ್ತಿ. ಎಸಳಿನ ತುದಿ ದುಂಡಗಿದ್ದರೆ ಉಮೆ, ಸೀಳಿದ್ದರೆ ಚೆರ್ರಿ. ಜೋಡಿ ಬಾತುಕೋಳಿ ದಾಂಪತ್ಯದ ಗುರುತು. ಬಣ್ಣಬಣ್ಣದ್ದು ಗಂಡು.

ಕಸೂತಿ ಬರುವವರು ಆಮೆ ಚಿಪ್ಪಿನ ಆರು ಮೂಲೆಯ ಕಿಕ್ಕೋ ಹಾಕಿ ನೋಡಿ. ಗವಂತಿ ಹೊಲಿಗೆ ಸಾಕು. ನೇರ ಬದಿಗೂ ಓರೆ ಬದಿಗೂ ನಾಲ್ಕು ನಾಲ್ಕು ಎಳೆ ಎಣಿಸಿ. ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಖಾಲಿ ಜಾಗ ತುಂಬಿ. ಗಂಟು ಹಾಕಬೇಡಿ. ತಂಗಿಯ ಮಗಳ ಮದುವೆ ಮಾಘದಲ್ಲಿ. ಅವಳ ಇಳಕಲ್ ಸೀರೆಯ ಸೆರಗಿನ ಪಕ್ಕ ಎರಡು ಸಾಲು ಕಿಕ್ಕೋ ಆಗಿದೆ, ಇನ್ನೂ ಐದು ಹಾಕಬೇಕು.